ಪದಚರ್ಚೆ: ಕಾರ್ಬನ್ ಫೈಬರ್‌ಗೆ ಬೇಕಾದ 'ಪಿಚ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಪೆಟ್ರೋಲಿಯಂ ಪಿಚ್‌ನಿಂದ ಕಾರ್ಬನ್ ಫೈಬರ್ ಮಾಡುವ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಕೊಂಡೆ. 'ಪಿಚ್ ಸಿದ್ಧಪಡಿಸುವುದು' ಅಂತ ಬರೆದು ಒಬ್ಬರಿಗೆ ಓದಲು ಕೊಟ್ಟೆ. ಅವರಿಗೆ ಹೊಳೆದದ್ದು ಕ್ರಿಕೆಟ್ ಮೈದಾನ. ತಪ್ಪು ಅವರದಲ್ಲ. ಕನ್ನಡದಲ್ಲಿ ಪಿಚ್ ಅಂದರೆ ಅದೇ, ಇಲ್ಲವಾದರೆ ಹಾಡುವವರ ಶ್ರುತಿ. ಕಪ್ಪಗೆ ಗಾಜಿನ ಹಾಗೆ ಹೊಳೆಯುವ, ಸುತ್ತಿಗೆಯಿಂದ ಹೊಡೆದರೆ ಚೂರಾಗುವ, ಕಾಯಿಸಿದರೆ ಮಂದವಾಗಿ ಹರಿಯುವ ವಸ್ತು ಯಾರ ಕಣ್ಣ ಮುಂದೆಯೂ ಬರುವುದಿಲ್ಲ.

ಹಾಗಾದರೆ 'ಡಾಂಬರು' ಅನ್ನಬಹುದಲ್ವಾ? ನಾನೂ ಮೊದಲು ಹಾಗೇ ಬರೆದೆ, ಆಮೇಲೆ ಹೊಡೆದುಹಾಕಿದೆ. ನಾವು ಡಾಂಬರು ಅನ್ನುವುದು ಎರಡು ವಸ್ತುಗಳಿಗೆ. ಗಾಳಿ ಆಡದಂತೆ ಕಲ್ಲಿದ್ದಲನ್ನು ಕಾಯಿಸಿದಾಗ ಬರುವ ಟಾರ್ ಒಂದು. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್ ಇನ್ನೊಂದು. ಅದರ ಮೇಲೆ ಪಿಚ್ ಅನ್ನೂ ಡಾಂಬರು ಅಂದರೆ ಮೂರೂ ಕಲಸಿಹೋಗುತ್ತವೆ. ಗುಣದಲ್ಲೂ ಅಂತರ ದೊಡ್ಡದು. ರಸ್ತೆಗೆ ಹಾಕುವ ಬಿಟುಮೆನ್ ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಎಳೆ (ಫೈಬರ್) ತೆಗೆಯಲು ಬರುವ ಪಿಚ್ ಸಾಮಾನ್ಯವಾಗಿ 200 ಡಿಗ್ರಿ ದಾಟಿದ ಮೇಲೆ ಮೆತ್ತಗಾಗುತ್ತದೆ.

'ಕೀಲೆಣ್ಣೆ' ಎಂಬ ಹಳೆಯ ಮಾತೂ ನೆನಪಾಯಿತು. ಗಾಡಿಯ ಅಚ್ಚಿಗೆ ಬಳಿಯುವ ಕಪ್ಪು ಎಣ್ಣೆ. ಪದ ಇಷ್ಟವಾಯಿತು. ಆದರೆ ಇವತ್ತು 'ಕೀಲು' ಅಂದರೆ ಮೂಳೆಯ ಕೀಲು, ಬಾಗಿಲ ಕೀಲು. ಒಂದು ಗೊಂದಲ ಬಿಟ್ಟು ಇನ್ನೊಂದಕ್ಕೆ ಬಿದ್ದ ಹಾಗಾಗುತ್ತದೆ.

'ಮಡ್ಡಿ'ಗೆ ಮಾತ್ರ ಇಲ್ಲಿ ಒಂದು ಜಾಗ ಇದೆ ಅನ್ನಿಸುತ್ತದೆ. ಪಿಚ್‌ಗಲ್ಲ, ಪಿಚ್‌ಗೆ ಮೂಲವಾದ ಎಣ್ಣೆಗೆ. ತೈಲ ಶುದ್ಧೀಕರಣ ಘಟಕದಲ್ಲಿ ಕ್ರಿಯಾವರ್ಧಕದ (ಕ್ಯಾಟಲಿಸ್ಟ್) ಪುಡಿ ಬಳಸಿ ದೊಡ್ಡ ಅಣುಗಳನ್ನು ಒಡೆದು ಪೆಟ್ರೋಲ್ ಮಾಡುತ್ತಾರೆ. ಆಗ ಕೊನೆಗೆ ಉಳಿಯುವ ಭಾರದ ಎಣ್ಣೆಯೇ ಈ ಪಿಚ್‌ಗೆ ಒಳ್ಳೆಯ ಮೂಲ. ಅದರಲ್ಲಿ ಬೆಂಜೀನ್ ಉಂಗುರಗಳು (ಆರು ಇಂಗಾಲದ ಪರಮಾಣುಗಳ ಉಂಗುರ) ಒಂದಕ್ಕೊಂದು ಅಂಟಿಕೊಂಡ ಅಣುಗಳು ಜಾಸ್ತಿ. ಜೊತೆಗೆ ಕ್ರಿಯಾವರ್ಧಕದ ನುಣ್ಣನೆಯ ಪುಡಿಯೂ ಸೇರಿರುತ್ತದೆ. ಅದನ್ನು ಸೋಸಲೇಬೇಕು. ಎಳೆಯ ದಪ್ಪ ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಭಾಗ ಇರುತ್ತದೆ. ಅಷ್ಟು ಸಣ್ಣ ಎಳೆಯಲ್ಲಿ ಒಂದು ಕಣ ಸಿಕ್ಕಿಕೊಂಡರೂ ಅಲ್ಲೇ ಕಡಿಯುತ್ತದೆ. ಈ ಎಣ್ಣೆಗೆ 'ಮಡ್ಡಿ ಎಣ್ಣೆ' ಅಂದರೆ ಯಾರಿಗಾದರೂ ಅರ್ಥವಾಗುತ್ತದೆ.

ಮಡ್ಡಿ ಎಣ್ಣೆ ಪಿಚ್ ಆಗುವ ಕೆಲಸಕ್ಕೂ ಹೆಸರು ಬೇಕು. 'ತಯಾರಿಕೆ' ಸಪ್ಪೆ, 'ಸಂಸ್ಕರಣೆ' ಎಲ್ಲದಕ್ಕೂ ಸಲ್ಲುವ ಮಾತು. ನನ್ನ ಆಯ್ಕೆ 'ಹದ ಮಾಡುವುದು'. ತೊಗಲು ಹದ ಮಾಡುತ್ತೇವೆ, ಮಣ್ಣು ಹದಕ್ಕೆ ಬಂತು ಅನ್ನುತ್ತೇವೆ. ಇಲ್ಲಿ ನಡೆಯುವುದೂ ಅದೇ. ಸಾರಜನಕ ಹಾಯಿಸುತ್ತಾ, ಕಲಕುತ್ತಾ, ಸುಮಾರು 400 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಹಗುರ ಅಂಶ ಆವಿಯಾಗಿ ಹೋಗುತ್ತದೆ. ಉಳಿದ ಅಣುಗಳು ಕೂಡಿಕೊಂಡು ದೊಡ್ಡವಾಗುತ್ತವೆ. ಕಾವು ಕಡಿಮೆಯಾದರೆ ಪಿಚ್ ಮೆದುವಾಗೇ ಉಳಿಯುತ್ತದೆ. ಅತಿಯಾದರೆ ಕೋಕ್ ಎಂಬ ಕರಗದ ಇಂಗಾಲವಾಗಿ ಗಟ್ಟಿಯಾಗುತ್ತದೆ, ಮತ್ತೆ ಹರಿಯುವುದೇ ಇಲ್ಲ. ನಡುವೆ ನಿಲ್ಲಿಸುವ ಜಾಣ್ಮೆಗೆ 'ಹದ'ಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ಪದ, 'ಮೆಸೋಫೇಸ್'. ಇದನ್ನು 'ಮಧ್ಯಂತರ ಹಂತ' ಅಂತ ಬರೆಯಲು ಕೈ ತಾನಾಗೇ ಹೋಗುತ್ತದೆ. ಅದು ತಪ್ಪು ದಾರಿ. 'ಹಂತ' ಅಂದ ತಕ್ಷಣ ಮೊದಲು, ನಡುವೆ, ಕೊನೆ ಎಂಬ ಕಾಲದ ಲೆಕ್ಕ ಬರುತ್ತದೆ. ಮೆಸೋಫೇಸ್ ಕಾಲದ ನಡುವೆ ಇರುವುದಲ್ಲ, ದ್ರವಕ್ಕೂ ಹರಳಿಗೂ ನಡುವೆ ಇರುವ ಸ್ಥಿತಿ. 1965ರಲ್ಲಿ ಆಸ್ಟ್ರೇಲಿಯಾದ ಬ್ರೂಕ್ಸ್ ಮತ್ತು ಟೇಲರ್ ಇದನ್ನು ವಿವರಿಸಿದರು. ಕಾಯುತ್ತಿರುವ ಪಿಚ್‌ನಲ್ಲಿ ಪುಟ್ಟ ಗೋಲಿಗಳು ಹುಟ್ಟುತ್ತವೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುತ್ತಲಿನ ಪಿಚ್ ಕಪ್ಪು, ಗೋಲಿಗಳು ಮಾತ್ರ ಬೆಳಗುತ್ತವೆ. ಅವುಗಳೊಳಗೆ ತಟ್ಟೆಯಂಥ ಚಪ್ಪಟೆ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಆದರೂ ಅದು ಹರಿಯುತ್ತದೆ. ಗೋಲಿಗಳು ಬೆಳೆದು, ಕೂಡಿ, ಇಡೀ ಪಿಚ್ಚೇ ಹಾಗಾಗುತ್ತದೆ.

ಈ ಸಾಲುಗೂಡುವಿಕೆ ಇದ್ದರೆ ಎಳೆಯ ಗುಣವೇ ಬೇರೆ. 1960ರ ದಶಕದಲ್ಲಿ ಜಪಾನಿನ ಸುಗಿಯೊ ಓತಾನಿ ಪಿಚ್‌ನಿಂದ ಎಳೆ ತೆಗೆದಾಗ ಅಣುಗಳಿಗೆ ಗೊತ್ತಾದ ದಿಕ್ಕು ಇರಲಿಲ್ಲ. ಎಳೆ ಸಾಧಾರಣ ಬಲದ್ದು. 1970ರ ದಶಕದಲ್ಲಿ ಅಮೆರಿಕದ ಲೆನಾರ್ಡ್ ಸಿಂಗರ್ ಮೆಸೋಫೇಸ್ ಪಿಚ್ ಬಳಸಿದರು. ಈ ದಾರಿಯಲ್ಲಿ ಬಂದ ಅತ್ಯುತ್ತಮ ಎಳೆಗಳು ತುಂಬಾ ಬಿಗುವಾಗಿರುತ್ತವೆ, ತಾಮ್ರಕ್ಕಿಂತ ಚೆನ್ನಾಗಿ ಶಾಖ ಸಾಗಿಸುತ್ತವೆ. ಆದ್ದರಿಂದ ಪದದಲ್ಲೂ 'ಸಾಲುಗೂಡಿದ ದ್ರವ' ಎಂಬ ಅರ್ಥ ಕಾಣಬೇಕು. 'ಹರಳುದ್ರವ' ಅನ್ನೋಣವೇ? ಅಥವಾ 'ನಡುಸ್ಥಿತಿ' ಸಾಕೇ? ನನ್ನ ಮನಸ್ಸು ಮೊದಲನೆಯದರ ಕಡೆಗಿದೆ.

ಇನ್ನೊಂದು ಮಾತು. ದಯವಿಟ್ಟು ಪಿಚ್‌ಗೆ 'ಕರಗುವ ಬಿಂದು' ಅಂತ ಬರೆಯಬೇಡಿ. ಅದು ನೂರಾರು ಬಗೆಯ ಅಣುಗಳ ಮಿಶ್ರಣ. ಒಂದು ಗೆರೆ ದಾಟಿದ ಕೂಡಲೇ ಕರಗುವುದಿಲ್ಲ, ಮೆಲ್ಲಗೆ ಮೆತ್ತಗಾಗುತ್ತಾ ಹೋಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಥಾಮಸ್ ಪಾರ್ನೆಲ್ ಆಲಿಕೆಯಲ್ಲಿ ಪಿಚ್ ತುಂಬಿಟ್ಟರು. ಅದು ಸುಮ್ನೆ ಕೋಣೆಯ ಉಷ್ಣತೆಯಲ್ಲೇ ಹರಿಯುತ್ತಿದೆ, ಹನಿಯೊಂದಕ್ಕೆ ಹಲವು ವರ್ಷ. ಹಾಗಾಗಿ 'ಮೆತ್ತಗಾಗುವ ಉಷ್ಣತೆ' ಅನ್ನುವುದೇ ಸರಿ. ಈ ಅಂಕಿ ಯಾಕೆ ಮುಖ್ಯ ಅಂದರೆ, ಎಳೆಯನ್ನು ಗಾಳಿ ಆಡದಂತೆ ಕಾಯಿಸಿ ಇಂಗಾಲ ಮಾಡುವ ಮೊದಲು 200ರಿಂದ 300 ಡಿಗ್ರಿ ಗಾಳಿಯಲ್ಲಿಟ್ಟು ಆಮ್ಲಜನಕ ಹಿಡಿಸುತ್ತಾರೆ, ಮುಂದೆ ಕರಗಬಾರದು ಅಂತ. ಆ ಹೊತ್ತಿಗೇ ಮೆತ್ತಗಾಗುವ ಪಿಚ್ ಆದರೆ ಎಳೆಗಳು ಒಂದಕ್ಕೊಂದು ಅಂಟಿಹೋಗುತ್ತವೆ. ಈ ಕೆಲಸಕ್ಕೆ 'ಸ್ಥಿರೀಕರಣ' ಅಂತ ಬರೆಯುವ ಬದಲು 'ಕರಗದಂತೆ ಮಾಡುವುದು' ಅಂದರೆ ಓದುವವರಿಗೆ ಕಾರಣವೂ ತಿಳಿಯುತ್ತದೆ.

ಫೈಬರ್‌ಗೆ ನಾನು 'ನಾರು' ಬಿಟ್ಟು 'ಎಳೆ' ಬಳಸಿದ್ದನ್ನು ಗಮನಿಸಿರಬಹುದು. ನಾರು ಅಂದರೆ ಗಿಡದ ನೆನಪು. ಇದು ಸಣ್ಣ ತೂತಿನಿಂದ ಬಿಸಿ ಪಿಚ್ ಹೊರಬರುವಾಗ ಎಳೆದು ತೆಗೆದದ್ದು. ಕ್ರಿಯೆಗೂ ವಸ್ತುವಿಗೂ 'ಎಳೆ' ಎಂಬ ಒಂದೇ ರೂಪ ಕನ್ನಡದಲ್ಲಿ ಸಿದ್ಧವಾಗಿದೆ.

ಪಿಚ್‌ಗೆ ಮಾತ್ರ ನನ್ನಲ್ಲಿ ಸ್ವಂತ ಪದ ಇಲ್ಲ. ಸದ್ಯಕ್ಕೆ 'ತೈಲಪಿಚ್' ಅಂತ ಬರೆದಿದ್ದೇನೆ. ಮೊದಲಲ್ಲೇ 'ತೈಲ' ಇರುವುದರಿಂದ ಮೈದಾನದ ಗೊಂದಲ ತಪ್ಪುತ್ತದೆ. ಕಲ್ಲಿದ್ದಲಿನಿಂದ ಬಂದದ್ದಕ್ಕೆ 'ಕಲ್ಲಿದ್ದಲು ಪಿಚ್' ಅಂತ ಬೇರೆ ಹೇಳಬಹುದು. ನಿಮ್ಮ ಕಡೆ ಈ ಕಪ್ಪು ಗಟ್ಟಿ ವಸ್ತುವಿಗೆ, ದೋಣಿಯ ಬಿರುಕಿಗೆ ಮೆತ್ತುವವರಾಗಲಿ ಛಾವಣಿ ಸೋರದಂತೆ ಬಳಿಯುವವರಾಗಲಿ ಬಳಸುವ ಹೆಸರು ಬೇರೆ ಇದೆಯೇ? ಇದ್ದರೆ, ಅದು ಮೆತ್ತನೆಯ ಟಾರ್‌ಗೋ, ಒಡೆಯುವ ಪಿಚ್‌ಗೋ ಅನ್ನುವುದನ್ನೂ ಸೇರಿಸಿ ತಿಳಿಸಿ.