ಇದು ಸಯ್ಯಾಜಿರಾವ್ ರಸ್ತೆಯೇನಾ? ಮಾರುಕಟ್ಟೆ ಎಡಗಡೆ ಕಾಣ್ತಿದೆ!

ಅಗ್ರಹಾರದ ಹುಡುಗ:
ಸೋದರಮಾವನ ಆಲ್ಬಂನಿಂದ ತೆಗೆದ ಒಂದು ಕಪ್ಪು-ಬಿಳುಪು ಫೋಟೊ ಹಾಕಿದ್ದೇನೆ, ನೋಡಿ. ಚೌಕ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಹಿಂಬದಿ ಒಂದಕ್ಷರವೂ ಇಲ್ಲ. ಮಾವನಿಗೆ ಫೋಟೊ ತೆಗೆಯುವ ಹುಚ್ಚು ಎಷ್ಟಿತ್ತೋ ಬರೆದಿಡೋಕೆ ಸೋಮಾರಿತನವೂ ಅಷ್ಟೇ ಇತ್ತು.

ಜಂಬೂಸವಾರಿ ಅನ್ನುವುದರಲ್ಲಿ ಅನುಮಾನ ಇಲ್ಲ. ಅಂಬಾರಿ ಹೊತ್ತ ಆನೆ ಕ್ಯಾಮೆರಾ ಕಡೆಗೇ ಬರುತ್ತಿದೆ. ಎಡಕ್ಕೆ ಸಾಲಂಗಡಿ, ಅದರ ಮಾಡಿನ ಮೇಲೂ ಜನ. ದೇವರಾಜ ಮಾರುಕಟ್ಟೆ ಅಂದುಕೊಂಡೆ. ಆದರೆ ದಿಕ್ಕು ಹೊಂದುತ್ತಿಲ್ಲ. ಮೆರವಣಿಗೆ ಅರಮನೆ ಬಿಟ್ಟು, ಕೆ.ಆರ್. ಸರ್ಕಲ್ ದಾಟಿ, ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುತ್ತದೆ. ಅಂದರೆ ಉತ್ತರಕ್ಕೆ. ಆನೆ ಎದುರಿಗೆ ಬರುತ್ತಿದ್ದರೆ ಮಾವ ದಕ್ಷಿಣಕ್ಕೆ ತಿರುಗಿ ನಿಂತಿರಬೇಕು. ಮಾರುಕಟ್ಟೆ ಇರುವುದು ರಸ್ತೆಯ ಪಶ್ಚಿಮಕ್ಕೆ. ಹಾಗಾದ್ರೆ ಬಲಗಡೆ ಕಾಣಬೇಕಿತ್ತು, ಅಲ್ವಾ?

ಎದುರು ಬದಿಯಲ್ಲಿ ಒಂದು ಹೋಟೆಲ್. ಬಾಗಿಲಲ್ಲಿ ತೂಗುಹಾಕಿದ ಹಲಗೆಯ ಮೇಲಿನ ಬರಹ ಓದೋಕೆ ಆಗುತ್ತಿಲ್ಲ. ಕನ್ನಡದ ಥರ ಇದೆ, ಕನ್ನಡ ಅಲ್ಲ. ಯಾವ ರಸ್ತೆ, ಯಾವ ಇಸವಿ ಇರಬಹುದು?

ಒಂಟಿಕೊಪ್ಪಲು ಎಕ್ಸ್‌ಪ್ರೆಸ್:
ಇರ್ವಿನ್ ರಸ್ತೆ ಇರಬಹುದಾ? ಅಗಲ ಮಾಡೋ ಮುಂಚೆ ಅಲ್ಲೂ ಹಳೇ ಅಂಗಡಿ ಸಾಲು ಇತ್ತು.

ಮಂಡಿ ಮೊಹಲ್ಲಾ:
ಅಂಬಾರಿ ಇರ್ವಿನ್ ರಸ್ತೆಗೆ ಯಾಕೆ ಹೋಗುತ್ತೆ ಸ್ವಾಮಿ? ಸುಮ್ನೆ ಗೊಂದಲ ಮಾಡಬೇಡಿ. ಇದು ದೇವರಾಜ ಮಾರುಕಟ್ಟೆಯೇ. 2016ರಲ್ಲಿ ಅದರ ಒಂದು ಭಾಗ ಬಿದ್ದ ಮೇಲೂ ಆ ಸಾಲನ್ನು ದಿನಾ ನೋಡುತ್ತಿದ್ದೇನೆ. ಎಡಬಲದ್ದು ಮಾತ್ರ ನನಗೂ ತಿಳಿಯುತ್ತಿಲ್ಲ.

ಡಾರ್ಕ್‌ರೂಮ್ ತಾತ:
ಮಾರುಕಟ್ಟೆ ಬಿಡಿ, ಮುಂದೆ ನಿಂತಿರುವ ಹೆಂಗಸರನ್ನು ನೋಡಿ. ಅಷ್ಟೂ ಜನರ ಸೆರಗು ಬಲ ಹೆಗಲ ಮೇಲಿದೆ. ಎಲ್ಲರೂ ಕೊಡಗಿನವರಾ? ಗೋಡೆಗೆ ಒರಗಿಸಿದ ಸೈಕಲ್ ನೋಡಿ. ಮುಂದಿನ ಚಕ್ರ ಎಡಕ್ಕಿದೆ, ಆದರೂ ಚೈನು ಕಾಣುತ್ತಿದೆ. ಸೈಕಲ್ ಚೈನು ಇರುವುದು ಬಲಕ್ಕೆ. ಪ್ರಿಂಟು ಕನ್ನಡಿಬಿಂಬ ಆಗಿದೆ, ಅಷ್ಟೇ.

ಈ ಅಳತೆ ನೋಡಿದರೆ ಬಾಕ್ಸ್ ಕ್ಯಾಮೆರಾದ್ದು. 120 ಫಿಲ್ಮು, ಒಂದು ರೋಲಿಗೆ 12 ಚೌಕ ಫೋಟೊ. ಹಿಗ್ಗಿಸುವ ಖರ್ಚು ಯಾಕೆ ಅಂತ ನೆಗೆಟಿವನ್ನು ನೇರ ಕಾಗದದ ಮೇಲಿಟ್ಟು ಬೆಳಕು ಬಿಡುತ್ತಿದ್ದರು. ನೆಗೆಟಿವಿನ ಮಂಕು ಬದಿ ಕಾಗದಕ್ಕೆ ತಾಗಬೇಕು. ಕೆಂಪು ದೀಪದಲ್ಲಿ ಅವಸರಕ್ಕೆ ಹೊಳಪಿನ ಬದಿ ಕೆಳಗಾದರೆ ಎಡಬಲ ಅದಲುಬದಲು. ಚಿತ್ರ ಸ್ವಲ್ಪ ಮಸುಕೂ ಆಗುತ್ತದೆ. ನಿಮ್ಮದು ಮಸುಕಾಗಿದೆ. ಫೋನಿನಲ್ಲಿ ತಿರುಗಿಸಿ ನೋಡಿ, ಹಲಗೆ ಓದೋಕೆ ಬರುತ್ತದೆ.

ಅಗ್ರಹಾರದ ಹುಡುಗ:
ತಾತಾ, ಬಂತು! ತಿರುಗಿಸಿದ ಪ್ರತಿ ಹಾಕಿದ್ದೇನೆ. ಮಾರುಕಟ್ಟೆ ಬಲಕ್ಕೆ ಬಂತು. ಹಲಗೆಯಲ್ಲಿ ಇರೋದು ಅಪ್ಪಟ ಕನ್ನಡ: "ಕಾಫಿ 12 ನ.ಪೈ., ದೋಸೆ 19 ನ.ಪೈ." ಆದರೆ 19 ಯಾಕೆ? 20 ಅಂತ ಇಡಬಾರದಿತ್ತಾ?

ಮಂಡಿ ಮೊಹಲ್ಲಾ:
ನಿಮ್ಮ ಇಸವಿ ಸಿಕ್ಕಿದ್ದೇ ಆ 19ರಲ್ಲಿ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹೆಸರಿನಿಂದ 'ನಯಾ' ಹೋದದ್ದು 1964ರ ಜೂನ್‌ನಲ್ಲಿ. ರೂಪಾಯಿಗೆ 16 ಆಣೆ ಇದ್ದದ್ದು 100 ಪೈಸೆ ಆಯಿತು. ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಈ ಹೋಟೆಲಿನವರು ಹಳೇ ಆಣೆ ದರವನ್ನೇ ಪೈಸೆಗೆ ಇಳಿಸಿದ್ದಾರೆ. ಹಾಗಾಗಿ 1957ಕ್ಕೆ ಹತ್ತಿರದ ದಸರಾ ಅಂತ ನನ್ನ ಅಂದಾಜು.

ಡಾರ್ಕ್‌ರೂಮ್ ತಾತ:
ಅಷ್ಟು ಗಟ್ಟಿಯಾಗಿ ಹೇಳಬೇಡಿ. ಹೋಟೆಲಿನವರು ಹಲಗೆಗೆ ಬಣ್ಣ ಹೊಡೆಸೋದು ಬೆಲೆ ಏರಿದಾಗ ಮಾತ್ರ. ಅರವತ್ತರ ದಶಕ ಅಂದರೂ ನಾನು ಒಪ್ಪುತ್ತೇನೆ. 1969ರ ಈಚೆಗಂತೂ ಅಲ್ಲ. ಅಂಬಾರಿಯಲ್ಲಿ ಪೇಟ ಕಾಣುತ್ತಿದೆ, ಚಾಮುಂಡಿ ತಾಯಿಯ ಮೂರ್ತಿ ಅಲ್ಲ. ನಿಮ್ಮ ಅಂದಾಜೇ ಸರಿ ಅಂತಾದರೆ, ಕೂತಿರುವ ಜಯಚಾಮರಾಜ ಒಡೆಯರ್ ಆಗ ರಾಜ್ಯಪಾಲರೂ ಹೌದು. 1956ರಿಂದ 1964ರವರೆಗೆ ಮೈಸೂರಿನ ರಾಜ್ಯಪಾಲರು ಅವರೇ. ರಾಜ್ಯಪಾಲರು ಆನೆ ಮೇಲೆ ಊರು ಸುತ್ತಿದ್ದು ಇನ್ನೆಲ್ಲಿ ಇತ್ತೋ!

ಅಗ್ರಹಾರದ ಹುಡುಗ:
ಆಲ್ಬಂನಲ್ಲಿ '1957–63?' ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಪ್ರಶ್ನೆ ಚಿಹ್ನೆ ಇರಲಿ. ಇನ್ನೊಂದು ವಿಷಯ. ಹೋಟೆಲಿನ ಮೇಲಿನ ಬೋರ್ಡಿನಲ್ಲಿ "...ವಿಲಾಸ" ಅಂತ ಇದೆ. ಮುಂಚಿನ ಅಕ್ಷರಗಳನ್ನು ಯಾರದೋ ಛತ್ರಿ ನುಂಗಿದೆ. ಅಲ್ಲಿ ಕಾಫಿ ಕುಡಿದವರು ಯಾರಾದ್ರೂ ಇದ್ದೀರಾ?

ಒಂಟಿಕೊಪ್ಪಲು ಎಕ್ಸ್‌ಪ್ರೆಸ್:
ಆ ಕಾಲದಲ್ಲಿ ವಿಲಾಸ ಅಲ್ಲದ ಹೋಟೆಲ್ ಯಾವುದಿತ್ತು ಹೇಳಿ! ಫೋನಿನಲ್ಲಿ ತೆಗೆದದ್ದು ಸಾಲದು. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಹಾಕಿ, ಅಂಚು ಕತ್ತರಿಸಬೇಡಿ. ನಮ್ಮ ದೊಡ್ಡಪ್ಪನಿಗೆ ತೋರಿಸುತ್ತೇನೆ. ಅವರಿಗೆ ಹೋಟೆಲುಗಳ ನೆನಪು ಜಾಸ್ತಿ.