ಇಸಿಪಿ ಹಾಕಿದರೂ ಪ್ಯಾರಲಲ್ ಪೋರ್ಟ್ 40 ಕೆಬಿ ದಾಟುತ್ತಿಲ್ಲ

ಹಳೇಡಬ್ಬ: ತಲೆ ಕೆಟ್ಟುಹೋಗಿದೆ. ಹಳೇ 486 ಕಂಪ್ಯೂಟರಿಂದ ಪೆಂಟಿಯಂಗೆ, ಎರಡರ ಪ್ಯಾರಲಲ್ ಪೋರ್ಟಿಗೂ (ಪ್ರಿಂಟರ್ ಹಾಕುವ ಜಾಗ) ಕೇಬಲ್ ಹಾಕಿ ಫೈಲ್ ಕಾಪಿ ಮಾಡುತ್ತಿದ್ದೇನೆ. ಸೆಕೆಂಡಿಗೆ 40 ಕೆಬಿ ಮೇಲೆ ಏಳುತ್ತಲೇ ಇಲ್ಲ. ಎರಡರ ಬಯಾಸ್ ಸೆಟ್ಟಿಂಗ್‌ನಲ್ಲೂ ಪೋರ್ಟಿಗೆ ಇಸಿಪಿ ಅನ್ನೋ ವೇಗದ ಮೋಡ್ ಇಟ್ಟಿದ್ದೇನೆ, ಡಿಎಂಎ (ಸಿಪಿಯು ಕೈಹಾಕದೆ ಡೇಟಾ ಸಾಗಿಸುವ ದಾರಿ) 3. 2 ಎಂಬಿ ತನಕ ಬರಬೇಕು ಅಲ್ವಾ? 200 ಎಂಬಿ ಡಿಸ್ಕ್ ಪೂರ್ತಿ ತೆಗೆಯಬೇಕು.

ಪಿನ್25: ಕೇಬಲ್ ಬದಲಿಸಿ. ಪ್ಯಾರಲಲ್ ಪೋರ್ಟಿನ ಮಾನದಂಡ 1284 ಅಂತ ಅಚ್ಚಾಗಿರುವುದೇ ಬೇಕು.

ಹಳೇಡಬ್ಬ: ಕೇಬಲ್ ಚಿಕ್ಕದು, ಬೆಸುಗೆ ಗಟ್ಟಿ ಇದೆ. ಒಂದೂ ಎರರ್ ಬಂದಿಲ್ಲ.

ಪಿನ್25: ಆದರೂ ಕೇಬಲೇ. ಶೀಲ್ಡ್ ಗ್ರೌಂಡಿಗೆ ಸೇರಿದೆಯಾ ನೋಡಿ.

ರಿಬ್ಬನ್‌ರಾಯ: ಇಸಿಪಿ ಬಿಡಿ, ಇನ್ನೊಂದು ವೇಗದ ಮೋಡ್ ಇಪಿಪಿ ಹಾಕಿ. ಪೋರ್ಟಿನ ವಿಳಾಸ 3ಬಿಸಿ ಆಗಿದ್ದರೆ 378ಕ್ಕೆ ತನ್ನಿ. 3ಬಿಸಿಯಲ್ಲಿ ಇಪಿಪಿ ಸಿಗುವುದಿಲ್ಲ.

ಪಿನ್25: ಯಾಕೆ ಬಿಡಬೇಕು? ಇಸಿಪಿಗೆ ಫಿಫೋ (ಡೇಟಾ ಸಾಲಾಗಿ ಕಾಯುವ ಜಾಗ) ಇದೆ, ಡಿಎಂಎ ಇದೆ. ಸಿಪಿಯುಗೆ ಕೆಲಸ ಕಮ್ಮಿ.

ರಿಬ್ಬನ್‌ರಾಯ: ಡಾಸ್‌ನಲ್ಲಿ ಎಷ್ಟು ಪ್ರೋಗ್ರಾಂ ಆ ಡಿಎಂಎ ಮುಟ್ಟುತ್ತವೆ ಹೇಳಿ ನೋಡೋಣ.

ಬೋರ್ಡ್‌ಬಸು: ಆ ಜಗಳ ಆಮೇಲೆ. ಸರ್, ಕಾಪಿ ಮಾಡುತ್ತಿರುವ ಪ್ರೋಗ್ರಾಂ ಯಾವುದು? ಕೇಬಲ್‌ನ ಎರಡೂ ತುದಿ 25 ಪಿನ್ ಮೇಲ್ ಕನೆಕ್ಟರಾ?

ಹಳೇಡಬ್ಬ: ಹೌದು, ಇನ್ನೇನಿರುತ್ತದೆ? ಡಾಸ್ 6.22, ಅದರ ಜೊತೆಗೇ ಬರುವ ಫೈಲ್ ಕಾಪಿ ಪ್ರೋಗ್ರಾಂ ಇಂಟರ್‌ಲಿಂಕ್.

ಬೋರ್ಡ್‌ಬಸು: ಅಲ್ಲೇ ಇದೆ ವಿಷಯ. ನಿಮ್ಮ ಕೇಬಲ್‌ನದು ಲ್ಯಾಪ್‌ಲಿಂಕ್ ವೈರಿಂಗ್. ಈ ಕಡೆಯ 2, 3, 4, 5, 6 ಪಿನ್ ಆ ಕಡೆಯ 15, 13, 12, 10, 11ಕ್ಕೆ ಹೋಗುತ್ತವೆ. ಅವು ಪ್ರಿಂಟರ್ ತನ್ನ ಸ್ಥಿತಿ ತಿಳಿಸುವ ಸ್ಟೇಟಸ್ ಪಿನ್‌ಗಳು. ನಾಲ್ಕರಲ್ಲಿ ಡೇಟಾ, ಅಂದರೆ ಒಮ್ಮೆಗೆ ನಾಲ್ಕೇ ಬಿಟ್; ಐದನೆಯದು ಹ್ಯಾಂಡ್‌ಶೇಕ್‌ಗೆ (ಕಳಿಸಿದೆ, ಸಿಕ್ಕಿತು ಅನ್ನೋ ಸನ್ನೆ). ಎಂಟು ಬಿಟ್‌ನ ಒಂದು ಬೈಟ್ ದಾಟಿಸಲು ಎರಡು ಸಲ ಕಳಿಸಬೇಕು. ಡೇಟಾ ಪಿನ್‌ನಲ್ಲಿ ಓದಲು ಬಾರದ ಹಳೇ ಪೋರ್ಟಿಗೂ ಆಗಲಿ ಅಂತ ಮಾಡಿದ ಉಪಾಯ ಇದು. ಬಯಾಸ್‌ನಲ್ಲಿ ಇಸಿಪಿ ಹಾಕಿ, ಇಪಿಪಿ ಹಾಕಿ, ಈ ಕೇಬಲ್‌ಗೆ ಎರಡೂ ಒಂದೇ. ಅದರ ಮೇಲೆ ಐಸಾ ಬಸ್‌ನಲ್ಲಿ (ಪೋರ್ಟಿಗೂ ಸಿಪಿಯುಗೂ ನಡುವಿನ ಹಳೇ ದಾರಿ) ಪೋರ್ಟನ್ನು ಒಮ್ಮೆ ಓದಲು ಸುಮಾರು ಒಂದು ಮೈಕ್ರೋಸೆಕೆಂಡ್ ಬೇಕು. ಸಿಪಿಯು ಎಷ್ಟೇ ಜೋರಿದ್ದರೂ ಕಾಯಲೇಬೇಕು. 40 ಬರುತ್ತಿದೆ ಅಂದರೆ ಸರಿಯಾಗೇ ಓಡುತ್ತಿದೆ. 200 ಎಂಬಿಗೆ ಒಂದೂವರೆ ಗಂಟೆ. ಅದರ ಬದಲು ಡಿಸ್ಕ್ ಬಿಚ್ಚಿ ಪೆಂಟಿಯಂನ ಐಡಿಇ ಡಿಸ್ಕ್ ಕೇಬಲ್‌ಗೆ ಸ್ಲೇವ್ (ಎರಡನೇ ಡಿಸ್ಕ್) ಮಾಡಿ.

ಹಳೇಡಬ್ಬ: ಬಿಚ್ಚಲ್ಲ. ಆನ್ ಮಾಡಿದಾಗ ಕಿರ್ ಅಂತ ನಿಂತು, ಬದಿಗೆ ತಟ್ಟಿದ ಮೇಲೆ ತಿರುಗಿದೆ. ಆಫ್ ಮಾಡಿದರೆ ಮತ್ತೆ ಏಳುತ್ತದೆ ಅನ್ನೋ ನಂಬಿಕೆ ಇಲ್ಲ.

ಬೋರ್ಡ್‌ಬಸು: ಇದನ್ನು ಮೊದಲೇ ಹೇಳಬೇಕಿತ್ತು ಸರ್! ಹಾಗಾದರೆ ನೆಟ್‌ವರ್ಕ್ ಕಾರ್ಡೂ ಬೇಡ, ಅದಕ್ಕೂ ಆಫ್ ಮಾಡಬೇಕು. ಬಯಾಸ್ ಮುಟ್ಟಬೇಡಿ. ಆ ಡಿಸ್ಕಿನಲ್ಲಿ ಫೈಲ್ ಜಿಪ್ ಮಾಡಿ ಚಿಕ್ಕದಾಗಿಸಲೂ ಹೋಗಬೇಡಿ. ಮುಖ್ಯವಾದ ಡೈರೆಕ್ಟರಿ ಮೊದಲು ತೆಗೆಯಿರಿ, 40ರಲ್ಲೇ ಓಡಲಿ.

ಪಿನ್25: ಶೀಲ್ಡ್ ಮಾತ್ರ ಒಮ್ಮೆ ಚೆಕ್ ಮಾಡಿ.

ರಿಬ್ಬನ್‌ರಾಯ: ನನ್ನದರಲ್ಲಿ 378ರಲ್ಲಿ ಜಿಪ್ ಡ್ರೈವ್, 278ರಲ್ಲಿ 24 ಪಿನ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಗ್ರಾಫಿಕ್ಸ್ ಮೋಡ್‌ನಲ್ಲಿ ಕನ್ನಡ ಒತ್ತಕ್ಷರ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ? ಫೋಟೋ ಹಾಕಲಾ?