ಡಿಫ್ಯೂಸರ್‌ನಲ್ಲಿ ಹೊಗೆ ಕಮ್ಮಿಯಾಗಿದೆ, ಟೇಬಲ್ ಮೇಲೆ ಬಿಳಿ ಪುಡಿ ಬೀಳುತ್ತಿದೆ

ವಿದ್ಯಾರಣ್ಯಪುರ_ಮಗಳು:
ಅಮ್ಮನಿಗೆ ನೀಲಗಿರಿ ಎಣ್ಣೆಯ ವಾಸನೆ ಅಂದರೆ ಇಷ್ಟ. ಅದಕ್ಕೇ ಮೂರು ತಿಂಗಳ ಹಿಂದೆ ನೀರು ಹಾಕುವ ಡಿಫ್ಯೂಸರ್ ತಂದೆ. ದಿನಾ ಸಂಜೆ ನಾಲ್ಕೈದು ಹನಿ ಎಣ್ಣೆ ಹಾಕುತ್ತೇವೆ. ಮೊದಲು ಹೊಗೆ ಒಂದಡಿ ಮೇಲೆ ಏಳುತ್ತಿತ್ತು. ಈಗ ಊದುಬತ್ತಿಯಷ್ಟೂ ಇಲ್ಲ. ಪಕ್ಕದ ಕಪ್ಪು ಟೇಬಲ್ ಮೇಲೆ ರಂಗೋಲಿ ಪುಡಿ ಉದುರಿದ ಹಾಗೆ ಬಿಳಿ ಪುಡಿ. ಎಣ್ಣೆ ಕಲಬೆರಕೆ ಇರಬಹುದಾ? ಇನ್ನೊಂದು, ಹೊಗೆಗೆ ಕೈ ಹಿಡಿದರೆ ತಣ್ಣಗಿರುತ್ತದೆ. ಬಿಸಿಯೇ ಇಲ್ಲದೆ ಆವಿ ಹೇಗೆ ಬರುತ್ತದೆ? ನಮ್ಮದು ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್.

ರಿಪೇರಿ_ಅಂಗಡಿ:
ಮೇಡಂ, ಎಣ್ಣೆಯದು ತಪ್ಪಿಲ್ಲ. ನಿಮ್ಮ ಕೊನೇ ಸಾಲಿನಲ್ಲೇ ಉತ್ತರ ಇದೆ. ಎಸ್.ಪಿ. ರೋಡ್ ಹತ್ತಿರ ನನ್ನ ಅಂಗಡಿ, ಇಂಥವು ವಾರಕ್ಕೆ ಎರಡು ಮೂರು ಬರುತ್ತವೆ. ಜಾಸ್ತಿ ಬೋರ್ ನೀರಿನ ಮನೆಗಳಿಂದಲೇ.

ಅದು ಹೊಗೆಯೂ ಅಲ್ಲ, ಆವಿಯೂ ಅಲ್ಲ. ನೀರಿನ ಹನಿಗಳೇ, ತೀರಾ ಸಣ್ಣವು. ಒಳಗೆ ತಳದಲ್ಲಿ ನಾಣ್ಯದ ಗಾತ್ರದ ಒಂದು ಬಿಲ್ಲೆ ಇದೆ ನೋಡಿ. ಕರೆಂಟ್ ಕೊಟ್ಟರೆ ಅದು ಹಿಗ್ಗಿ ಕುಗ್ಗಿ ನಡುಗುತ್ತದೆ. ತುಂಬಾ ಮಾಡೆಲ್‌ಗಳಲ್ಲಿ ಸೆಕೆಂಡಿಗೆ ಸುಮಾರು 17 ಲಕ್ಷ ಸಲ! 20 ಸಾವಿರ ದಾಟಿದರೆ ನಮ್ಮ ಕಿವಿಗೆ ಕೇಳಿಸುವುದಿಲ್ಲ, ಹಾಗಾಗಿ ಸದ್ದಿಲ್ಲ. ಆ ನಡುಕಕ್ಕೆ ನೀರಿನ ಮೇಲ್ಮೈ ಒಡೆದು ಮಂಜಾಗುತ್ತದೆ. ಎಣ್ಣೆ ನೀರಿನ ಮೇಲೇ ತೇಲುತ್ತಿರುತ್ತದಲ್ಲ, ಅದೂ ಜೊತೆಗೇ ಹಾರುತ್ತದೆ. ಕೆಳಗಿನ ಪುಟ್ಟ ಫ್ಯಾನ್ ಹೊರಗೆ ತಳ್ಳುತ್ತದೆ.

ಈಗ ಪುಡಿ ವಿಷಯ. ಬೋರ್ ನೀರು ಕಾಯಿಸಿದರೆ ಸುಣ್ಣದಂಶ ಪಾತ್ರೆಯಲ್ಲೇ ಉಳಿಯುತ್ತದೆ. ಗೀಸರ್ ಕಾಯಿಲ್ ಬಿಚ್ಚಿದಾಗ ನೋಡಿರುತ್ತೀರಿ. ಇಲ್ಲಿ ಹಾಗಲ್ಲ, ಹನಿಯೊಳಗಿನ ಸುಣ್ಣವೂ ಗಾಳಿಗೆ ಹೋಗುತ್ತದೆ. ಹನಿ ಒಣಗಿದ ಮೇಲೆ ಪುಡಿ ಉಳಿಯುತ್ತದೆ. ಟೇಬಲ್ ಮೇಲೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಅಮ್ಮ ಉಸಿರಾಡುವುದು ಕಾಣುವುದಿಲ್ಲ. ದಯವಿಟ್ಟು ಇವತ್ತಿನಿಂದಲೇ ಆರ್‌ಓ ನೀರು ಹಾಕಿ.

ಬಿಲ್ಲೆ ಮೇಲೂ ಸುಣ್ಣ ಪದರ ಕಟ್ಟಿದೆ, ಅದಕ್ಕೇ ಮಂಜು ಕಮ್ಮಿ. ಪ್ಲಗ್ ತೆಗೆದು, ಬಿಲ್ಲೆ ಮುಳುಗುವಷ್ಟು ಬಿಳಿ ವಿನೆಗರ್ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಇಯರ್ ಬಡ್‌ನಿಂದ ಮೆಲ್ಲಗೆ ಉಜ್ಜಿ. ಚಾಕು, ಉಗುರು ಬೇಡ. ಕಳೆದ ವಾರ ಒಬ್ಬರು ಚಾಕುವಿನಲ್ಲಿ ಕೆರೆದು ತಂದಿದ್ದರು, ಬಿಲ್ಲೆಯನ್ನೇ ಬದಲಿಸಬೇಕಾಯಿತು. ನೀರು ಚೆಲ್ಲುವಾಗ ಗಾಳಿ ಬರುವ ತೂತಿನ ಕಡೆ ಬಗ್ಗಿಸಬೇಡಿ, ಕೆಳಗೆ ಸರ್ಕ್ಯೂಟ್ ಬೋರ್ಡ್ ಇದೆ. ಮ್ಯಾಕ್ಸ್ ಗೆರೆ ಮೀರಿ ನೀರು ತುಂಬಿದರೂ ಮಂಜು ಸರಿಯಾಗಿ ಏಳುವುದಿಲ್ಲ.

ಬೆಕ್ಕಿನ_ಮನೆ:
ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ, ನೀಲಗಿರಿ ಎರಡೂ ಬೇಡ. ಅದರ ಲಿವರ್‌ಗೆ ಈ ಎಣ್ಣೆಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಕಮ್ಮಿ. ಹಸುಗೂಸು ಇರುವ ಕೋಣೆಯಲ್ಲೂ ಹಾಕಬೇಡಿ.

ತೆಂಗಿನೆಣ್ಣೆ_ಪ್ರಶ್ನೆ:
ನೀಲಗಿರಿ ಬದಲು ತೆಂಗಿನೆಣ್ಣೆ ಹಾಕಬಹುದಾ?

ರಿಪೇರಿ_ಅಂಗಡಿ:
ಬೇಡ ಸಾರ್. ಅಡುಗೆ ಎಣ್ಣೆಗಳು ಸುಗಂಧದ ಎಣ್ಣೆಯ ಹಾಗೆ ಆರಿಹೋಗುವುದಿಲ್ಲ. ಒಳಗೆಲ್ಲ ಜಿಡ್ಡು ಹಿಡಿಯುತ್ತದೆ.

ವಿದ್ಯಾರಣ್ಯಪುರ_ಮಗಳು:
ಮಾಡಿದೆ! ವಿನೆಗರ್ ಬಿದ್ದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಎದ್ದವು. ಎರಡನೇ ಬಡ್‌ಗೆ ಬಿಲ್ಲೆ ಹೊಳೆಯತೊಡಗಿತು. ಆರ್‌ಓ ನೀರು ಹಾಕಿ ಆನ್ ಮಾಡಿದೆ, ಮಂಜು ಮೊದಲಿನ ಹಾಗೇ ಎದ್ದಿತು. ಬೆಳಿಗ್ಗೆ ಟೇಬಲ್ ಮೇಲೆ ಬೆರಳಾಡಿಸಿ ನೋಡಿದೆ, ಪುಡಿ ಇಲ್ಲ. ಬೆಕ್ಕಿಲ್ಲ, ಆದರೆ ಮುಂದಿನ ತಿಂಗಳು ಅಕ್ಕ ಬಾಣಂತನಕ್ಕೆ ಬರುತ್ತಾಳೆ. ಅವಳು ಬರುವ ಮುಂಚೆಯೇ ಇದನ್ನು ಎತ್ತಿಡುತ್ತೇನೆ.